"ಎಲ್ಲಾ ಒಂದೇ" ಅನ್ನುವ ಮೊದಲು: ಸಂಗಮೇಶನಿಗೆ ದೊಡ್ಡವ್ವನ ಪತ್ರ

ಚಿ. ಸಂಗಮೇಶನಿಗೆ ದೊಡ್ಡವ್ವನ ಆಶೀರ್ವಾದಗಳು.

ನಿನ್ನ ಮೆಸೇಜು ಮೂರು ಸಲ ಓದಿದೆ. ಸಾಲ್ಟ್ ಲೇಕ್ ಸಿಟಿಗೆ ಹೋಗಿ ಇನ್ನೂ ಆರು ವಾರ ಆಗಿಲ್ಲ. ಅಷ್ಟರಲ್ಲೇ ಮನೆ ಮಾಲೀಕರ ಬಗ್ಗೆ "ಇವರು ಮಾರ್ಮನ್ನರಂತೆ, ಅದೊಂಥರಾ ಕಲ್ಟ್ ಅಂತ ರೂಮ್‌ಮೇಟ್ ಹೇಳಿದ" ಅಂತ ಬರೆದಿದ್ದೀಯ. ಅದರ ಕೆಳಗೇ "ಆದರೆ ತುಂಬಾ ಒಳ್ಳೆಯವರು, ಎಲ್ಲಾ ಧರ್ಮ ಒಂದೇ ಅಲ್ವಾ ದೊಡ್ಡವ್ವ" ಅಂತಲೂ ಇದೆ. ತಮ್ಮಾ, ನನಗೆ ಎರಡು ಮಾತೂ ಸರಿ ಕಾಣಲಿಲ್ಲ. ಮೊದಲನೆಯದರಲ್ಲಿ ತಾತ್ಸಾರ ಇದೆ. ಎರಡನೆಯದರಲ್ಲಿ ಅವಸರ ಇದೆ.

ಅದೇ ಊರಲ್ಲಿ ನಾನೂ ನಿನ್ನ ದೊಡ್ಡಪ್ಪನೂ ಒಂಬತ್ತು ವರ್ಷ ಇದ್ದೆವು. ಮೊದಲ ಚಳಿಗಾಲ. ಅವರು ಕೆಲಸಕ್ಕೆ ಹೋದರೆ ಸಂಜೆ ತನಕ ನನಗೆ ಮಾತಾಡಲು ಒಂದು ನರಪಿಳ್ಳೆ ಇಲ್ಲ. ಒಂದು ದಿನ ಮಾರ್ಮನ್ನರ ಧರ್ಮಪ್ರಚಾರಕ್ಕೆ ಬಂದ ಇಬ್ಬರು ಹುಡುಗರು ಬಾಗಿಲು ಬಡಿದರು. ಬಿಳಿ ಶರ್ಟು, ಟೈ, ಎದೆ ಮೇಲೆ ಕಪ್ಪು ಬಿಲ್ಲೆ. ಹತ್ತೊಂಬತ್ತರ ಹುಡುಗ ತನ್ನ ಹೆಸರಿಗೆ "ಎಲ್ಡರ್", ಅಂದರೆ ಹಿರಿಯ, ಅಂತ ಹಚ್ಚಿಕೊಂಡಿದ್ದ. ಒಳಗೆ ಕರೆದು ಚಹಾ ಇಟ್ಟೆ. ಮುಟ್ಟಲಿಲ್ಲ, ಅವರ ಧರ್ಮದಲ್ಲಿ ಚಹಾ ಕುಡಿಯುವಂತಿಲ್ಲ. ಅವರು ಏನು ಹೇಳಿದರೂ ನಾನು "ಹೌದು ಹೌದು, ನಮ್ಮಲ್ಲೂ ಹಾಗೇ, ದೇವರು ಒಬ್ಬನೇ" ಅನ್ನುತ್ತಾ ಹೋದೆ. ಹೀಗೆ ನಾಲ್ಕು ವಾರ ಬಂದರು. ಐದನೇ ವಾರ, ಯಾವ ದಿನ ನೀರಲ್ಲಿ ಮುಳುಗಿ ನಮ್ಮ ಚರ್ಚ್ ಸೇರುವ ದೀಕ್ಷಾಸ್ನಾನ ತಗೋತೀರಿ ಅಂತ ಕೇಳಿದರು. ನನಗೆ ಕೈಕಾಲು ಆಡಲಿಲ್ಲ. ಬೇಡ ಅಂದಾಗ ಆ ಹುಡುಗನ ಮುಖ ಬಾಡಿದ್ದು ಇವತ್ತಿಗೂ ಕಣ್ಣ ಮುಂದಿದೆ. ಅವನು ಮೋಸ ಮಾಡಿರಲಿಲ್ಲ. ನಾನು ತಲೆದೂಗಿದ್ದನ್ನು ಒಪ್ಪಿಗೆ ಅಂತ ತಿಳಿದಿದ್ದ, ಅಷ್ಟೇ. ಮರ್ಯಾದೆ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಖರೆ ಅಂದರೆ ಆ ನಾಲ್ಕು ವಾರ ಅವನ ಮಾತನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ.

ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅವರು ಹೇಳುವುದು "ಎಲ್ಲಾ ಒಂದೇ" ಅಂತ ಅಲ್ಲವೇ ಅಲ್ಲ. ಏಸುವಿನ ಶಿಷ್ಯರು ತೀರಿಕೊಂಡ ಮೇಲೆ ನಿಜವಾದ ಸಭೆ, ಅಂದರೆ ಚರ್ಚ್, ಭೂಮಿ ಮೇಲೆ ಉಳಿಯಲಿಲ್ಲ, ಅದನ್ನು ದೇವರು ಜೋಸೆಫ್ ಸ್ಮಿತ್ ಎಂಬ ಹುಡುಗನ ಮೂಲಕ ಮತ್ತೆ ನಿಲ್ಲಿಸಿದ ಅಂತ ಅವರು ನಂಬುತ್ತಾರೆ. 1820ರಲ್ಲಿ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಊರಿನ ಹತ್ತಿರದ ತೋಪಿನಲ್ಲಿ, ಯಾವ ಚರ್ಚ್ ಸೇರಲಿ ಅಂತ ಹದಿನಾಲ್ಕರ ಹುಡುಗ ಪ್ರಾರ್ಥನೆ ಮಾಡಿದ. ಆಗ ತಂದೆ ದೇವರು ಮತ್ತು ಏಸು ಇಬ್ಬರೂ ಕಾಣಿಸಿಕೊಂಡರು, ಯಾವುದನ್ನೂ ಸೇರಬೇಡ ಅಂದರು. ಇದು ಅವರ ನಂಬಿಕೆ. ಮುಂದೆ ದೇವದೂತ ತೋರಿಸಿದ ಚಿನ್ನದ ತಗಡುಗಳಿಂದ ಅವನು ಮಾರ್ಮನ್ ಗ್ರಂಥವನ್ನು ಅನುವಾದ ಮಾಡಿದ ಅನ್ನುತ್ತಾರೆ. ಪುಸ್ತಕ ಅಚ್ಚಾಗಿದ್ದು 1830ರಲ್ಲಿ, ಸಭೆ ಶುರುವಾಗಿದ್ದೂ ಅದೇ ವರ್ಷ ಏಪ್ರಿಲ್ 6ಕ್ಕೆ. ಜೆರುಸಲೇಮಿನಿಂದ ಹೊರಟ ಒಂದು ಮನೆತನ ಅಮೆರಿಕಕ್ಕೆ ಬಂದು ನೆಲೆಸಿದ ಕಥೆ ಅದರಲ್ಲಿದೆ. ಸತ್ತು ಎದ್ದ ಏಸು ಅಲ್ಲಿನ ಜನಕ್ಕೂ ಕಾಣಿಸಿಕೊಂಡ ಅಂತ ಅದು ಹೇಳುತ್ತದೆ. ಹೊರಗಿನ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ನಾನೂ ಒಪ್ಪಿಲ್ಲ. ಆದರೆ ಆ ಪುಸ್ತಕ ಓದಿದ್ದೇನೆ. ನೀನೂ ಮಾತಾಡುವ ಮೊದಲು ಸ್ವಲ್ಪವಾದರೂ ಓದು.

ಅವರು ಕ್ರಿಶ್ಚಿಯನ್ನರಾ ಅಂತ ಕೇಳಿದ್ದೀಯ. ಮನೆಯೊಡತಿಯನ್ನು ಕೇಳಿದರೆ "ಹೌದು" ಅನ್ನುತ್ತಾಳೆ, ಆ ಪ್ರಶ್ನೆಗೆ ಅವಳ ಮನಸ್ಸಿಗೆ ನೋವೂ ಆಗುತ್ತದೆ. ಬೇರೆ ಚರ್ಚಿನವರನ್ನು ಕೇಳಿದರೆ ತುಂಬಾ ಜನ "ಅಲ್ಲ" ಅನ್ನುತ್ತಾರೆ. ಜಗಳದ ಮೂಲ ಇಷ್ಟು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎಂಬ ತ್ರಿಯೇಕದ ಮಾತು 325ರಲ್ಲಿ ನೈಸೀಯಾ ಊರಲ್ಲಿ ಬಿಷಪ್ಪರೆಲ್ಲ ಕೂಡಿದ ಕಾಲದಿಂದ ಗಟ್ಟಿಯಾಗುತ್ತಾ ಬಂತು. ಮಾರ್ಮನ್ನರು ಅದನ್ನು ಒಪ್ಪುವುದಿಲ್ಲ. ಅವರಿಗೆ ಮೂವರೂ ಬೇರೆ ಬೇರೆ, ತಂದೆ ದೇವರಿಗೆ ಮೈಯೂ ಉಂಟು. ಅದಕ್ಕೇ 2001ರಲ್ಲಿ ಕ್ಯಾಥೊಲಿಕ್ ಸಭೆ, ಮಾರ್ಮನ್ ದೀಕ್ಷಾಸ್ನಾನ ತನಗೆ ಲೆಕ್ಕಕ್ಕಿಲ್ಲ ಅಂದಿತು. ಇವರೂ ಅಷ್ಟೇ, ಕ್ಯಾಥೊಲಿಕ್ ಒಬ್ಬ ತಮ್ಮ ಕಡೆ ಬಂದರೆ ಮತ್ತೆ ನೀರಲ್ಲಿ ಮುಳುಗಿಸುತ್ತಾರೆ.

ಇದು ನಮಗೆ ತಿಳಿಯದ ಸಂಕಟ ಅಲ್ಲ. ನಾವು ಲಿಂಗಾಯತರು ಹಿಂದೂಗಳಾ, ಬೇರೆ ಧರ್ಮವಾ ಅಂತ ನಮ್ಮ ಪಡಸಾಲೆಯಲ್ಲೇ ಎಷ್ಟು ಸಲ ದನಿ ಏರಿಲ್ಲ? 2018ರಲ್ಲಿ ನಿನ್ನ ಇಬ್ಬರು ಕಾಕಾಗಳು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದು ನೀನೇ ನೋಡಿದ್ದೀಯ. ಹೊರಗಿನವನು ಬಂದು "ನೀವು ಇಂಥವರು" ಅಂತ ಚೀಟಿ ಅಂಟಿಸಿದರೆ ಹೇಗಾಗುತ್ತದೆ ಅಂತ ನಿನಗೆ ಗೊತ್ತು. ಅಲ್ಲಿ ಚೀಟಿ ಅಂಟಿಸುವ ಕೆಲಸ ನಿನ್ನದಲ್ಲ. "ನಿಮ್ಮನ್ನು ನೀವು ಏನಂತ ಕರೆದುಕೊಳ್ಳುತ್ತೀರಿ?" ಅಂತ ಕೇಳು. ಅಂದ ಹಾಗೆ, "ಮಾರ್ಮನ್" ಅನ್ನಬೇಡಿ, ಏಸು ಕ್ರಿಸ್ತನ ಹೆಸರಿರುವ ಸಭೆಯ ಪೂರ್ತಿ ಹೆಸರು ಹೇಳಿ ಅಂತ 2018ರಲ್ಲೇ ಅವರ ಆಗಿನ ಮುಖ್ಯಸ್ಥರು ಕೇಳಿಕೊಂಡಿದ್ದಾರೆ. ಆ ಹೆಸರು "ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್". ಇಲ್ಲಿ ನಿನಗೆ ತಿಳಿಯಲಿ ಅಂತ ನಾನು ಹಳೆಯ ಹೆಸರು ಬಳಸುತ್ತಿದ್ದೇನೆ. ಅವರ ಮುಂದೆ ನೀನು ಬಳಸಬೇಡ.

ನಮ್ಮ ಕಡೆಯವರು ಸುಮ್ನೆ ಹೋಲಿಕೆ ಹಚ್ಚುವ ಜಾಗಗಳಿವೆ, ಅಲ್ಲಿ ಹುಷಾರು. ಹುಟ್ಟುವ ಮೊದಲೂ ನಾವು ದೇವರ ಹತ್ತಿರ ಇದ್ದೆವು ಅನ್ನುತ್ತಾರೆ. ತಕ್ಷಣ ನೀನು "ಓ, ಪೂರ್ವಜನ್ಮ" ಅಂತೀಯ. ಅಲ್ಲ. ಭೂಮಿ ಮೇಲೆ ಒಂದೇ ಸಲ ಬರುವುದು, ಮರುಹುಟ್ಟು ಇಲ್ಲ. ಮನುಷ್ಯ ಬೆಳೆಯುತ್ತಾ ದೇವರ ಹಾಗೆ ಆಗಬಹುದು ಅನ್ನುತ್ತಾರೆ. ಅದೂ ನಮ್ಮ ಲಿಂಗಾಂಗ ಸಾಮರಸ್ಯ ಅಲ್ಲ. ಅಲ್ಲಿ ಯಾರೂ ಯಾರಲ್ಲೂ ಕರಗುವುದಿಲ್ಲ. ಗಂಡ, ಹೆಂಡತಿ, ಮಕ್ಕಳು ಸತ್ತ ಮೇಲೂ ಅದೇ ಕುಟುಂಬವಾಗಿ ಉಳಿಯಬೇಕು ಅನ್ನುವುದೇ ಅವರ ದೊಡ್ಡ ಆಸೆ. ಅದಕ್ಕಾಗಿ ದೇಗುಲದಲ್ಲಿ ಮದುವೆಯನ್ನು ಎಂದೆಂದಿಗೂ ಅಂತ ಮುದ್ರೆ ಹಾಕಿಸುತ್ತಾರೆ.

ಆ ದೇಗುಲದೊಳಗೆ ನಮಗೆ ಪ್ರವೇಶ ಇಲ್ಲ. ಭಾನುವಾರ ಸೇರುವ ಚರ್ಚ್ ಬೇರೆ, ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು. ದೇಗುಲಕ್ಕೆ ಮಾತ್ರ ಅವರಲ್ಲೂ ಬಿಷಪ್ಪರ ಅನುಮತಿ ಚೀಟಿ ಇದ್ದವರೇ. ನಮ್ಮ ಪಕ್ಕದ ಮನೆಯ ಹುಡುಗಿಯ ಮದುವೆ ದಿನ ಅವಳ ಸ್ವಂತ ಚಿಕ್ಕಮ್ಮ, ಸಭೆಗೆ ಸೇರದವಳು, ಹೊರಗೆ ಹೂಗಿಡಗಳ ಹತ್ತಿರ ನಿಂತಿದ್ದಳು. ನಾನೂ ಅವಳ ಜೊತೆ ನಿಂತೆ. ಅವಳು ಅಳುತ್ತಿದ್ದಳು. ಇದು ಅವರೊಳಗೂ ನೋವಿನ ವಿಷಯ. 2019ರಿಂದ ಎಲ್ಲರೆದುರು ಕಾನೂನಿನ ಮದುವೆ ಮಾಡಿ, ಆಮೇಲೆ ಒಂದು ವರ್ಷ ಕಾಯದೆ ದೇಗುಲಕ್ಕೆ ಹೋಗಲು ಬಿಡುತ್ತಾರೆ. ಒಳ್ಳೆಯದಾಯಿತು.

ಇನ್ನು ಅವರ ಒಳಉಡುಪಿನ ಬಗ್ಗೆ ಆ ರೂಮ್‌ಮೇಟ್ ನಗಾಡಿದ ಅಂತ ಬರೆದಿದ್ದೀಯ. ನೀನು ನಗಬೇಡ. ದೇಗುಲದಲ್ಲಿ ಕೊಟ್ಟ ಮಾತಿನ ನೆನಪಿಗೆ ಅದನ್ನು ಮೈಮೇಲೆ ಹಾಕಿಕೊಳ್ಳುತ್ತಾರೆ. ನಿನ್ನ ಅಜ್ಜ ಆಸ್ಪತ್ರೆಯಲ್ಲಿ ಕೊನೆಯ ದಿನದ ತನಕ ಕೊರಳಿನ ಲಿಂಗ ತೆಗೆಯಲು ಬಿಡಲಿಲ್ಲ. ಅದನ್ನು ನೋಡಿ ಯಾರಾದರೂ ನಕ್ಕಿದ್ದರೆ ನಿನಗೆ ಹೇಗಾಗುತ್ತಿತ್ತು?

ನನ್ನ ಮನಸ್ಸಿಗೆ ಹತ್ತಿರವಾಗಿದ್ದು ಅವರ ವಂಶಾವಳಿಯ ಹುಚ್ಚು. ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನ ಮೇಲೆ ಬರುತ್ತಿದ್ದರು. ನಮ್ಮ ಮನೆತನದ ಏಳೆಂಟು ತಲೆಮಾರಿನ ಹೆಸರು ಗಡಗಡ ಹೇಳಿ, ಕಾಳು ಇಸಿದುಕೊಂಡು ಹೋಗುತ್ತಿದ್ದರು. ಸಾಲ್ಟ್ ಲೇಕಿನಲ್ಲಿ ಆ ಕೆಲಸಕ್ಕೇ ದೊಡ್ಡ ಗ್ರಂಥಾಲಯ ಇದೆ, ಯಾರು ಹೋದರೂ ದುಡ್ಡಿಲ್ಲ. ಹರಿದ್ವಾರದ ಪಂಡಾಗಳ, ಅಂದರೆ ತೀರ್ಥಪುರೋಹಿತರ, ವಂಶಾವಳಿ ವಹಿಗಳನ್ನೂ ಅವರು ಮೈಕ್ರೋಫಿಲ್ಮ್ ಮಾಡಿಸಿದ್ದಾರೆ. ಆದರೆ ಕಾರಣ ಬೇರೆ. ತೀರಿಹೋದ ಹಿರಿಯರ ಹೆಸರಲ್ಲಿ ಬದುಕಿರುವವರು ದೀಕ್ಷಾಸ್ನಾನ ತಗೊಳ್ಳುತ್ತಾರೆ. ಒಪ್ಪುವುದೂ ಬಿಡುವುದೂ ಆ ಹಿರಿಯರಿಗೇ ಬಿಟ್ಟದ್ದು ಅನ್ನುತ್ತಾರೆ. ಹಿಟ್ಲರನ ಕಾಲದಲ್ಲಿ ಸತ್ತ ಯಹೂದಿಗಳ ಹೆಸರಲ್ಲೂ ಹೀಗೆ ಮಾಡಿದ್ದು ತಿಳಿದಾಗ ಯಹೂದಿಗಳು ತುಂಬಾ ನೊಂದರು. ತಮ್ಮ ಧರ್ಮಕ್ಕಾಗಿಯೇ ಸತ್ತವರಿಗೆ ಬೇರೆ ಧರ್ಮದ ನೀರು! 1995ರಲ್ಲಿ ನಿಲ್ಲಿಸುತ್ತೇವೆ ಅಂತ ಒಪ್ಪಂದ ಆಯಿತು. ಆದರೂ ಹೆಸರುಗಳು ನುಸುಳಿದವು, 2012ರಲ್ಲಿ ಮತ್ತೆ ಕ್ಷಮೆ ಕೇಳಿದರು. ಪ್ರೀತಿಯಿಂದ ಮಾಡಿದ್ದೂ ಇನ್ನೊಬ್ಬರಿಗೆ ಗಾಯ ಆಗಬಹುದು, ನೋಡು.

ಅವರೂ ಕಡಿಮೆ ಗಾಯ ಉಂಡಿಲ್ಲ. 1838ರಲ್ಲಿ ಮಿಸೌರಿಯ ಗವರ್ನರ್, ಇವರನ್ನು ನಿರ್ನಾಮ ಮಾಡಿ ಇಲ್ಲವೇ ರಾಜ್ಯದಿಂದ ಓಡಿಸಿ ಅಂತ ಆಜ್ಞೆ ಬರೆದ. ಅದನ್ನು ಹಿಂದಕ್ಕೆ ತಗೊಂಡಿದ್ದು 1976ರಲ್ಲಿ. ಜೋಸೆಫ್ ಸ್ಮಿತ್‌ನನ್ನು 1844ರಲ್ಲಿ ಜೈಲಿಗೆ ನುಗ್ಗಿದ ಗುಂಪು ಗುಂಡಿಟ್ಟು ಕೊಂದಿತು. ಅವನ ನಂತರದ ಮುಖ್ಯಸ್ಥ ಬ್ರಿಗಮ್ ಯಂಗ್ ಹಿಂದೆ ಗಾಡಿ ಕಟ್ಟಿಕೊಂಡು ಅವರು ಆ ಉಪ್ಪಿನ ಕೆರೆಯ ಬಯಲಿಗೆ ಬಂದಿದ್ದು 1847ರ ಜುಲೈನಲ್ಲಿ. ಹತ್ತು ವರ್ಷದಲ್ಲಿ, 1857ರಲ್ಲಿ, ಮೌಂಟನ್ ಮೆಡೋಸ್‌ನಲ್ಲಿ ಅವರದೇ ಸ್ಥಳೀಯ ಪಡೆ ಸುಮಾರು 120 ವಲಸಿಗರನ್ನು ಕೊಂದಿತು. ಕಪ್ಪು ಗಂಡಸರಿಗೆ ಪೌರೋಹಿತ್ಯ ಕೊಡಬಾರದು ಎಂಬ ತಡೆ ತೆಗೆದದ್ದು 1978ರಲ್ಲಿ ಮಾತ್ರ. ಇವನ್ನೂ ತಿಳಿದಿರು. ಇಬ್ಬರು ಹೆಂಡಿರ ತಮಾಷೆ ಮಾತ್ರ ಬಾಯಿಂದ ಬರಬಾರದು. ಒಬ್ಬನಿಗೆ ಹಲವು ಹೆಂಡಿರ ಆ ಹಳೆಯ ಪದ್ಧತಿಯನ್ನು 1890ರಲ್ಲೇ ಬಿಡಲು ಶುರುಮಾಡಿದರು. ಈಗ ಹಾಗೆ ಬದುಕುವ ಗುಂಪುಗಳು ಬೇರೆ, ಈ ಸಭೆಯಲ್ಲಿ ಮಾಡಿದರೆ ಹೊರಗೆ ಹಾಕುತ್ತಾರೆ.

ತಮ್ಮದೇ ನಿಜವಾದ ಸಭೆ ಅನ್ನುವವರು ಬೇರೆಯವರ ಜೊತೆ ಹೇಗೆ ಇರುತ್ತಾರೆ ಅಂತ ನನಗೂ ಅನುಮಾನ ಇತ್ತು. ಪ್ರತಿಯೊಬ್ಬರೂ ತಮಗೆ ತಿಳಿದ ಹಾಗೆ ದೇವರನ್ನು ಪೂಜಿಸಲಿ ಅಂತ ಅವರ ನಂಬಿಕೆಯ ಹದಿಮೂರು ಸೂತ್ರಗಳಲ್ಲೇ ಒಂದಿದೆ. ಪುಸ್ತಕದ ಮಾತು ಬಿಡು, ನೀನೇ ಕಣ್ಣಾರೆ ನೋಡು. ದಕ್ಷಿಣಕ್ಕೆ ಒಂದು ತಾಸು ಹೋದರೆ ಸ್ಪ್ಯಾನಿಶ್ ಫೋರ್ಕ್‌ನಲ್ಲಿ ರಾಧಾಕೃಷ್ಣ ಗುಡಿ ಇದೆ. ಅಲ್ಲಿನ ಹೋಳಿಗೆ ಸಾವಿರಾರು ಮಾರ್ಮನ್ ಹುಡುಗ ಹುಡುಗಿಯರು ಬಂದು ಬಣ್ಣದಲ್ಲಿ ಮುಳುಗುತ್ತಾರೆ. ನಮ್ಮ ಬೆಂಗಳೂರಿನಲ್ಲೂ ಅವರ ದೇಗುಲಕ್ಕೆ 2020ರಲ್ಲಿ ಗುದ್ದಲಿ ಪೂಜೆ ಆಗಿದೆ.

ಈಗ ನಿಜವಾಗಿ ಹೇಳಬೇಕಾದದ್ದು. ನೀನು ಒಂಟಿಯಾಗಿದ್ದೀಯ. ಅವರು ಸೂಪು ತಂದು ಕೊಡುತ್ತಾರೆ, ಹಿಮ ಬಾಚಿಕೊಡುತ್ತಾರೆ, ಸೋಮವಾರ ಸಂಜೆ ಮಕ್ಕಳ ಜೊತೆ ಆಟಕ್ಕೆ ಕೂರಿಸಿಕೊಳ್ಳುತ್ತಾರೆ. ಆ ಪ್ರೀತಿ ಸುಳ್ಳಲ್ಲ, ಸಂತೋಷವಾಗಿ ತಗೋ. ಆ ಹುಡುಗರು ಬಂದರೆ ಮೊದಲ ದಿನವೇ ಹೇಳು: "ನಿಮ್ಮ ನಂಬಿಕೆ ತಿಳಿದುಕೊಳ್ಳುವ ಮನಸ್ಸಿದೆ, ಸೇರುವ ಮನಸ್ಸಿಲ್ಲ." ಅವರಿಗೂ ಎರಡು ವರ್ಷ ಮನೆ ಬಿಟ್ಟು ಬಂದ ಆಯಾಸ ಇರುತ್ತದೆ. ಸುಳ್ಳು ಆಸೆ ಹುಟ್ಟಿಸಬೇಡ. ಮುಂದೆ ನಿನ್ನ ಮನಸ್ಸೇ ಆ ಕಡೆ ವಾಲಿದರೆ ನಾನು ಬೈಯುವುದಿಲ್ಲ. ಆದರೆ ಚಳಿಗಾಲದಲ್ಲಿ ತೀರ್ಮಾನ ಮಾಡಬೇಡ. ಮನೆಗೆ ಬಂದು, ನಿಮ್ಮವ್ವನ ಕೈಯ ರೊಟ್ಟಿ ತಿಂದು, ಹೊಲಕ್ಕೆ ಹೋಗಿ ಬಂದು, ಆಮೇಲೂ ಮನಸ್ಸು ಅಲ್ಲೇ ನಿಂತಿದ್ದರೆ ಅವಳಿಗೆ ನೀನೇ ಬಾಯಿ ಬಿಟ್ಟು ಹೇಳು. ಅವಳಿಗೆ ಬೇರೆಯವರಿಂದ ತಿಳಿಯಬಾರದು. ಆದಾಯದ ಹತ್ತರಲ್ಲೊಂದು ಪಾಲು, ತಿಂಗಳ ಮೊದಲ ಭಾನುವಾರದ ಉಪವಾಸ, ಇವೆಲ್ಲ ಅವರಿಗೆ ಆಟ ಅಲ್ಲ. ನಿನಗೂ ಆಟ ಆಗಬಾರದು.

ನಿಮ್ಮಪ್ಪನ ಗೆಳೆಯರು ಮುಂದಿನ ತಿಂಗಳು ಆ ಕಡೆ ಹೊರಟಿದ್ದಾರೆ. ಅವರ ಕೈಯಲ್ಲಿ ಶೇಂಗಾ ಹೋಳಿಗೆ, ಚಟ್ನಿಪುಡಿ, ಕಷಾಯದ ಪುಡಿ, ಚಹಾಪುಡಿ ಕಳಿಸುತ್ತೇನೆ. ಹೋಳಿಗೆ ಮನೆಯೊಡತಿಗೆ ಕೊಡು, ಮಕ್ಕಳಿಗೆ ಇಷ್ಟ ಆಗುತ್ತದೆ. ಕಷಾಯವನ್ನು ಅವರು ಕುಡಿಯಬಹುದು, ಅದರಲ್ಲಿ ಚಹಾ ಎಲೆ ಇಲ್ಲ ಅಂತ ಮೊದಲೇ ಹೇಳು. ಚಹಾಪುಡಿಯ ಪೊಟ್ಟಣ ನಿನಗೆ.

ನಿನ್ನ
ದೊಡ್ಡವ್ವ