ಎರಡು ಕಾಲದಲ್ಲಿ ಚಾರ್ಟ್ ಹತ್ತಿದ ಹಾಡು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟೀ,

ನಿನ್ನ ಮೊದಲ ಹಾಡು ಬಿಡುಗಡೆಯಾದಾಗಿನಿಂದ ಫೋನಿನಲ್ಲಿ ವ್ಯೂಸ್ ಬಿಟ್ಟರೆ ಬೇರೆ ಮಾತೇ ಇಲ್ಲ. ಇವತ್ತು ಇಷ್ಟು ಏರಿತು, ನಿನ್ನೆ ಏರಲೇ ಇಲ್ಲ. ಲೆಕ್ಕ ನೋಡಬೇಡ ಅಂತ ನಾನು ಹೇಳುವುದಿಲ್ಲ. ಹಾಡು ಕಟ್ಟಿದವರಿಗೆ ಅದನ್ನು ಯಾರಾದರೂ ಕೇಳಿದರಾ ಅಂತ ತಿಳಿಯುವ ಆಸೆ ಇದ್ದೇ ಇರುತ್ತದೆ. ಆದರೆ ಇಷ್ಟು ಬೇಗ ಲೆಕ್ಕ ಮುಗಿಸಿ ಹಾಡು ಸೋತಿತು ಅಂತ ಹೇಳುತ್ತೀಯಲ್ಲ, ಅದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅದಕ್ಕೇ ಗಾಯಕಿ ಟ್ರೇಸಿ ಚಾಪ್‌ಮನ್ ಬಗ್ಗೆ ಬರೆಯುತ್ತಿದ್ದೇನೆ. ನೀನು ಚಿಕ್ಕವಳಿದ್ದಾಗ ನಾನು ಅಡುಗೆ ಮಾಡುತ್ತಾ ಕೇಳುತ್ತಿದ್ದ ಆ ಗಟ್ಟಿ, ತಗ್ಗಿನ ದನಿ ನೆನಪಿದೆ ಅಲ್ವಾ?

ಅವರು ಅಮೆರಿಕದ ಕ್ಲೀವ್‌ಲ್ಯಾಂಡ್‌ನವರು, 1964ರಲ್ಲಿ ಹುಟ್ಟಿದವರು. ಬಡತನ ಕಂಡ ಕಪ್ಪು ಕುಟುಂಬ, ಸಾಕಿದ್ದು ತಾಯಿ. ಸ್ಕಾಲರ್‌ಶಿಪ್ ಸಿಕ್ಕಿ ಒಳ್ಳೆಯ ಶಾಲೆಗೆ ಹೋದರು, ಆಮೇಲೆ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದಿದರು. ಆ ದಿನಗಳಲ್ಲಿ ಹಾರ್ವರ್ಡ್ ಸ್ಕ್ವೇರ್‌ನಲ್ಲಿ ರಸ್ತೆ ಬದಿ ನಿಂತು ಗಿಟಾರ್ ನುಡಿಸಿ ಹಾಡುತ್ತಿದ್ದರು. 1988ರ ಏಪ್ರಿಲ್‌ನಲ್ಲಿ ಎಲೆಕ್ಟ್ರಾ ಕಂಪನಿ ಅವರ ಮೊದಲ ಆಲ್ಬಂ ತಂದಿತು. ಹನ್ನೊಂದು ಹಾಡು, ಹನ್ನೊಂದನ್ನೂ ಬರೆದವರು ಅವರೇ. ಸಿಂಥಸೈಜರ್ ಅಬ್ಬರದ ಆ ಕಾಲದಲ್ಲಿ ಗಿಟಾರ್ ಮುಂದಿಟ್ಟುಕೊಂಡು ಬಡತನ, ಮನೆಯೊಳಗಿನ ಹೊಡೆತ, ಕರಿಯರ ಬಾಳು ಇವನ್ನು ಹಾಡಿದ ಆಲ್ಬಂ ಅದು.

ಜೂನ್ 11ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ದೊಡ್ಡ ಕಾರ್ಯಕ್ರಮ. ಜೈಲಿನಲ್ಲಿದ್ದ ನೆಲ್ಸನ್ ಮಂಡೇಲಾ ಅವರ ಎಪ್ಪತ್ತನೇ ಹುಟ್ಟುಹಬ್ಬದ ಗೌರವಕ್ಕೆ. ಟ್ರೇಸಿ ಮಧ್ಯಾಹ್ನವೇ ತಮ್ಮ ಹಾಡು ಹಾಡಿ ಮುಗಿಸಿದ್ದರು. ಸಂಜೆ ಸ್ಟೀವಿ ವಂಡರ್ ಹಾಡಬೇಕು, ಆದರೆ ಅವರ ಎಲೆಕ್ಟ್ರಾನಿಕ್ ವಾದ್ಯದ ಸಂಗೀತವಿದ್ದ ಹಾರ್ಡ್ ಡಿಸ್ಕ್ ಸಿಗಲಿಲ್ಲ. ಅದಿಲ್ಲದೆ ಅವರು ಹಾಡುವಂತಿರಲಿಲ್ಲ. ಮೈದಾನ ತುಂಬ ಜನ, ಹತ್ತಾರು ದೇಶಗಳಿಗೆ ಟಿವಿ ಪ್ರಸಾರ, ವೇದಿಕೆ ಖಾಲಿ. ಆಗ ಟ್ರೇಸಿಯನ್ನೇ ಮತ್ತೆ ಕರೆದರು. ಅವರಿಗೆ ವಾದ್ಯಗೋಷ್ಠಿ ಬೇಕಿರಲಿಲ್ಲ. ಮೈಕ್ ಮುಂದೆ ನಿಂತು ಗಿಟಾರ್ ಮೀಟಿ ಆ ಆಲ್ಬಂನ 'ಫಾಸ್ಟ್ ಕಾರ್' ಹಾಡಿದರು. ಆ ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಅನ್ನುವ ಜನಪ್ರಿಯ ಹಾಡುಗಳ ಚಾರ್ಟಿನಲ್ಲಿ 6ನೇ ಸ್ಥಾನಕ್ಕೆ ಹೋಯಿತು, ಆಲ್ಬಂ ಅಮೆರಿಕ, ಬ್ರಿಟನ್ ಎರಡೂ ಕಡೆ ಮೊದಲನೇ ಸ್ಥಾನಕ್ಕೆ ಏರಿತು. ಮುಂದಿನ ವರ್ಷ ಮೂರು ಗ್ರ್ಯಾಮಿ ಸಂಗೀತ ಪ್ರಶಸ್ತಿ. 1988ರ ಸೆಪ್ಟೆಂಬರ್‌ನಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿಯ ಸಂಗೀತ ಪ್ರವಾಸದ ಜೊತೆ ದೆಹಲಿಗೂ ಬಂದು ಹಾಡಿ ಹೋದರು. ನಾನಾಗ ಕಾಲೇಜಿನಲ್ಲಿದ್ದೆ. ದೆಹಲಿಗೆ ಹೋಗುವ ಮಾತೆಲ್ಲಿ ಬಂತು, ನಿನ್ನ ಮಾವ ತಂದುಕೊಟ್ಟ ಕ್ಯಾಸೆಟ್ಟೇ ನನ್ನ ಪಾಲಿಗೆ ಎಲ್ಲ.

ಆಮೇಲಿನ ಲೆಕ್ಕ ನೋಡು. 1989ರ ಎರಡನೇ ಆಲ್ಬಂ 'ಕ್ರಾಸ್‌ರೋಡ್ಸ್' ಅಮೆರಿಕದಲ್ಲಿ 9ನೇ ಸ್ಥಾನದವರೆಗೆ ಹೋಯಿತು. 1992ರ ಮೂರನೆಯದು 53ಕ್ಕೇ ನಿಂತಿತು. ಇಂಥ ಹೊತ್ತಿನಲ್ಲೇ ಅಲ್ವಾ ಜನ 'ಇವಳದು ಮುಗೀತು' ಅನ್ನುವುದು? 1995ರಲ್ಲಿ ನಾಲ್ಕನೇ ಆಲ್ಬಂ 'ನ್ಯೂ ಬಿಗಿನಿಂಗ್' ಬಂತು. ಅದರ 'ಗಿವ್ ಮಿ ಒನ್ ರೀಸನ್' 1996ರಲ್ಲಿ ಹಾಟ್ 100ರ 3ನೇ ಸ್ಥಾನ ಮುಟ್ಟಿತು. ಅವರದೇ ದನಿಯಲ್ಲಿ 'ಫಾಸ್ಟ್ ಕಾರ್'ಗಿಂತ ಮೇಲೇರಿದ ಹಾಡು ಇದು. ಆದರೆ ಇದು ಹೊಸ ಹಾಡೇನಲ್ಲ ಪುಟ್ಟೀ. 1989ರಲ್ಲೇ ಅಮೆರಿಕದ ಟಿವಿಯಲ್ಲಿ ಇದನ್ನು ಹಾಡಿದ್ದರು. ಅಷ್ಟು ವರ್ಷ ಹಾಡು ಅವರ ಹತ್ತಿರವೇ ಇತ್ತು. ಅರ್ಧಕ್ಕೇ ಬಿಟ್ಟ ಹಾಡುಗಳ ನಿನ್ನ ನೋಟ್‌ಬುಕ್ ಎಸೆಯುತ್ತೇನೆ ಅಂದೆಯಲ್ಲ, ದಯವಿಟ್ಟು ಎಸೆಯಬೇಡ.

2008ರವರೆಗೆ ಒಟ್ಟು ಎಂಟು ಆಲ್ಬಂ ತಂದರು. ಮುಂದೆ ಹೊಸ ಆಲ್ಬಂ ಇಲ್ಲದೆ, ಪ್ರವಾಸವೂ ಇಲ್ಲದೆ ಬಹಳ ವರ್ಷ ತಮ್ಮ ಪಾಡಿಗೆ ತಾವಿದ್ದರು. 2023ರಲ್ಲಿ ಲ್ಯೂಕ್ ಕೋಂಬ್ಸ್ ಅನ್ನುವ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸಂಗೀತ) ಗಾಯಕ 'ಫಾಸ್ಟ್ ಕಾರ್' ಹಾಡಿದರು. ಈ ಹಾಡು ಬಂದಾಗ ಅವರಿನ್ನೂ ಹುಟ್ಟಿರಲಿಲ್ಲ. ಅಪ್ಪನ ಗಾಡಿಯಲ್ಲಿ ಕೂತು ಇದನ್ನು ಕೇಳುತ್ತಾ ಬೆಳೆದವರು. ಹಾಡಿನಲ್ಲಿ ಅಂಗಡಿಯ ಬಿಲ್ ಕೌಂಟರಿನಲ್ಲಿ ದುಡಿಯುವ ಹುಡುಗಿಯ ಮಾತು ಬರುತ್ತದೆ. ಗಂಡು ಹಾಡುವಾಗ ಆ ಸಾಲನ್ನು ಸುಲಭವಾಗಿ ತಿರುಗಿಸಿಕೊಳ್ಳಬಹುದಿತ್ತು. ಅವರು ತಿರುಗಿಸಲಿಲ್ಲ, ಹುಡುಗಿಯಾಗಿಯೇ ಹಾಡಿದರು. ಆ ಒಂದು ಕಾರಣಕ್ಕೇ ನನಗೆ ಅವರ ಮೇಲೆ ಗೌರವ ಬಂತು.

ಆ ಹಾಡು ಹಾಟ್ 100ರಲ್ಲಿ 2ನೇ ಸ್ಥಾನಕ್ಕೆ ಹೋಯಿತು, ಕಂಟ್ರಿ ರೇಡಿಯೋ ಚಾರ್ಟಿನಲ್ಲಿ ಮೊದಲನೆಯದಾಯಿತು. ಒಬ್ಬಳೇ ಬರೆದ ಹಾಡಿನಿಂದ ಆ ಚಾರ್ಟಿನ ತುದಿ ಮುಟ್ಟಿದ ಮೊದಲ ಕಪ್ಪು ಮಹಿಳೆ ಟ್ರೇಸಿ. ಆ ನವೆಂಬರ್‌ನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಹಾಡು ಪ್ರಶಸ್ತಿಯೂ ಅವರಿಗೇ ಬಂತು, ಹಾಡು ಬಂದು ಮೂವತ್ತೈದು ವರ್ಷದ ಮೇಲೆ. 2024ರ ಫೆಬ್ರುವರಿ 4ರಂದು ಗ್ರ್ಯಾಮಿ ವೇದಿಕೆಯಲ್ಲಿ ಇಬ್ಬರೂ ಸೇರಿ ಹಾಡಿದರು. ಆ ವಿಡಿಯೋ ನೋಡು. ಟ್ರೇಸಿಯ ತಲೆಗೂದಲು ನರೆತಿದೆ, ಮುಖದಲ್ಲಿ ನಗು. ಅವರು ಹಾಡುವಾಗ ಪಕ್ಕದಲ್ಲಿರುವ ಕೋಂಬ್ಸ್ ಬಾಯಲ್ಲೇ ಪದ ಗುನುಗುತ್ತಾ, ಅವರನ್ನೇ ನೋಡುತ್ತಾ ನಿಂತಿದ್ದಾರೆ. ಮರುದಿನವೇ 1988ರ ಮೂಲ ಹಾಡು ಐಟ್ಯೂನ್ಸ್ ಮಾರಾಟದಲ್ಲಿ ಮೊದಲ ಸ್ಥಾನಕ್ಕೆ ಬಂತು.

ಕೋಂಬ್ಸ್ ಹಾಡಿದರೂ ಗೌರವ ಮತ್ತು ರಾಯಲ್ಟಿ, ಅಂದರೆ ಹಾಡಿನ ಗಳಿಕೆಯ ಪಾಲು, ಟ್ರೇಸಿಗೆ ಬಂದದ್ದು ಯಾಕೆ? ಹಾಡು ಬರೆದವರ ಜಾಗದಲ್ಲಿ ಅವರದೊಂದೇ ಹೆಸರಿದೆ, ಹಕ್ಕೂ ಅವರ ಕೈಯಲ್ಲೇ ಇದೆ. ನಿನಗೆ ಯಾವುದೋ ಕಂಪನಿಯಿಂದ ಒಪ್ಪಂದದ ಕಾಗದ ಬಂದಿದೆ ಅಂದೆ. ನಮ್ಮ ದೇಶದಲ್ಲಿ 2012ರ ಕಾಪಿರೈಟ್ ತಿದ್ದುಪಡಿ ಆದಮೇಲೆ ಸಾಹಿತ್ಯ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಒಪ್ಪಂದದಲ್ಲಿ ಸುಮ್ನೆ ಬರೆಸಿಕೊಂಡು ಬಿಡುವಂತಿಲ್ಲ. ಕಾನೂನು ನಿನ್ನ ಪರ ಇದೆ, ಆದರೆ ನೀನೂ ಓದಿ ನೋಡಬೇಕು. ಅವಸರದಲ್ಲಿ ಸಹಿ ಹಾಕಬೇಡ. ಸಾಹಿತ್ಯ, ಸಂಗೀತ ಎರಡರ ಮುಂದೆಯೂ ನಿನ್ನ ಹೆಸರಿದೆಯಾ ನೋಡು. ಕಾಗದದ ಫೋಟೋ ತೆಗೆದು ಇವತ್ತೇ ಕಳಿಸು, ಚಿಕ್ಕಪ್ಪನಿಗೆ ಗೊತ್ತಿರುವ ವಕೀಲರಿಗೆ ತೋರಿಸಿ ನಿನಗೆ ಫೋನ್ ಮಾಡುತ್ತೇನೆ.

ನಿನ್ನ
ಅಮ್ಮ