ಒದ್ದೆ ರಸ್ತೆಗೆ ಟಾರ್ ಹಾಕಿಸಬೇಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಮೊನ್ನೆ ನಮ್ಮೂರಿನ ಸಭೆಯಲ್ಲಿ ನೀವು, "ಮಳೆಗಾಲ ಶುರುವಾಗೋ ಮೊದಲೇ ನಿಮ್ಮ ರಸ್ತೆಗೆ ಟಾರ್ ಹಾಕಿಸಿಕೊಡ್ತೀನಿ" ಅಂದಿರಿ. ಜನ ಚಪ್ಪಾಳೆ ತಟ್ಟಿದರು. ಆ ರಸ್ತೆಗಾಗಿ ಎಷ್ಟು ವರ್ಷದಿಂದ ಕಾಯುತ್ತಿದ್ದೇವೆ ಅಂತ ನಿಮಗೂ ಗೊತ್ತು. ಆದರೆ ಮನೆಗೆ ಬಂದು ಕ್ಯಾಲೆಂಡರ್ ನೋಡಿದೆ. ಕೃತ್ತಿಕಾ ಮಳೆ ಮುಗಿಯುತ್ತಾ ಬಂತು. ರೋಹಿಣಿಗೆ ಇನ್ನು ನಾಲ್ಕೇ ದಿನ. ಅದಕ್ಕೇ ಈ ಪತ್ರ. ದಯವಿಟ್ಟು ಈಗ ಟಾರ್ ಹಾಕಿಸಬೇಡಿ. ದೀಪಾವಳಿ ಕಳೆದ ಮೇಲೆ ಹಾಕಿಸಿ.

ಯಾಕೆ ಅಂತ ಹೇಳುತ್ತೇನೆ. ಎರಡು ವರ್ಷದ ಹಿಂದೆ ಪಕ್ಕದ ಊರಿನ ರಸ್ತೆಗೆ ಹೀಗೇ ಮೇ ಕೊನೆಯಲ್ಲಿ ಕೆಲಸ ನಡೆಯಿತು. ನಾನು ಅಲ್ಲೇ ನಿಂತು ನೋಡಿದ್ದೇನೆ. ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಬಯಲಿನ ಕಡೆ ರಸ್ತೆ ಒಣಗಿತ್ತು. ಆದರೆ ದೊಡ್ಡ ಹಲಸಿನ ಮರದ ಕೆಳಗಿನ ಐವತ್ತು ಅಡಿ ಇನ್ನೂ ಒದ್ದೆ. ಒಬ್ಬ ಹುಡುಗ ಕಡ್ಡಿಪೊರಕೆಯಲ್ಲಿ ನೀರು ಗುಡಿಸುತ್ತಿದ್ದ. ಇನ್ನೊಬ್ಬ ಗೋಣಿಚೀಲದಲ್ಲಿ ಒರೆಸುತ್ತಿದ್ದ. ಟಿಪ್ಪರ್ ಬಂದು ನಿಂತು ಒಂದು ಗಂಟೆ ಆಗಿತ್ತು. ಮಾಲು ಆರಿಹೋಗುತ್ತದೆ ಅಂತ ಮೇಸ್ತ್ರಿಗೆ ಚಡಪಡಿಕೆ. ಕೊನೆಗೆ ಸುರಿದೇಬಿಟ್ಟರು. ಬುಸ್ ಅಂತ ಬಿಳಿ ಹಬೆ ಎದ್ದಿತು.

ಗಣಪತಿ ಹಬ್ಬದ ಹೊತ್ತಿಗೆ ಆ ಐವತ್ತು ಅಡಿ ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದುಹೋಗಿತ್ತು. ಬಗ್ಗಿ ಒಂದು ಜಲ್ಲಿ ಎತ್ತಿ ನೋಡಿದೆ. ಒಂದು ಮಗ್ಗುಲಲ್ಲಿ ಟಾರಿನ ಚೂರು ಅಂಟಿತ್ತು. ಉಳಿದದ್ದೆಲ್ಲ ಹೊಳೆಯಲ್ಲಿ ತೊಳೆದ ಕಲ್ಲಿನ ಹಾಗೆ ಬೋಳು. ಬಯಲಿನ ಕಡೆಯ ರಸ್ತೆ ಇವತ್ತಿಗೂ ಗಟ್ಟಿಯಾಗಿದೆ. ಅದೇ ದಿನ, ಅದೇ ಟಿಪ್ಪರ್, ಅದೇ ಕೆಲಸದವರು. ಕಳಪೆ ಮಾಲು ಅಂತ ಬೈಯುವುದು ಸುಲಭ. ಆದರೆ ಅಲ್ಲಿ ಕೆಡಿಸಿದ್ದು ನೀರು.

ಟಾರಿಗಿಂತ ನೀರೇ ಕಲ್ಲಿಗೆ ಹತ್ತಿರದ ನೆಂಟ. ಜಲ್ಲಿಯ ಮೇಲೆ ಕಣ್ಣಿಗೆ ಕಾಣದಷ್ಟು ತೇವ ಇದ್ದರೂ ಟಾರ್ ಕಲ್ಲನ್ನು ಹಿಡಿಯುವುದಿಲ್ಲ, ನೀರಿನ ಮೇಲೆ ಕೂತಿರುತ್ತದೆ ಅಷ್ಟೇ. ಗ್ರಾನೈಟಿನಂಥ ಕಲ್ಲಿನಲ್ಲಿ ಈ ಕಾಟ ಇನ್ನೂ ಜಾಸ್ತಿ. ಸುಣ್ಣದ ಕಲ್ಲಾದರೆ ಟಾರ್ ಸ್ವಲ್ಪ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಇನ್ನು ಬಿಸಿಯ ಲೆಕ್ಕ. ವಿಜಿ-30 ಅನ್ನುವ ದರ್ಜೆಯ ಟಾರಿನಲ್ಲಿ ಕಲಸಿದ ಮಾಲು ರಸ್ತೆಗೆ ಬೀಳುವಾಗ ಕನಿಷ್ಠ 140 ಡಿಗ್ರಿ ಇರಬೇಕು. 90ಕ್ಕೆ ಇಳಿಯುವ ಮೊದಲು ರೋಲರ್ ಕೆಲಸ ಮುಗಿಯಬೇಕು. ಕೆಳಗೆ ಒದ್ದೆ ಇದ್ದರೆ ಆ ಬಿಸಿಯೆಲ್ಲ ನೀರನ್ನು ಹಬೆ ಮಾಡುವುದಕ್ಕೇ ಹೋಗುತ್ತದೆ.

ನಿಮ್ಮದೂ ಅಡಿಕೆ ತೋಟ ಇದೆ. ಗೊನೆ ತೊಟ್ಟಿಕ್ಕುತ್ತಿರುವಾಗ ಯಾರಾದರೂ ಕೊಳೆರೋಗದ ಔಷಧಿ ಹೊಡೆಸುತ್ತಾರಾ? ಮಳೆ ಹೊಳವಾಗಲಿ ಅಂತ ಕಾಯುತ್ತೇವೆ. ಹೊಡೆಸಿದ ಮೇಲೂ ಒಂದೆರಡು ಗಂಟೆ ಬಿಸಿಲು ಸಿಗಲಿ ಅಂತ ಆಕಾಶ ನೋಡುತ್ತೇವೆ. ಹಿಡಿದುಕೊಳ್ಳಲಿ ಅಂತ ಔಷಧಿಗೆ ಅಂಟು ಬೇರೆ ಸೇರಿಸುತ್ತೇವೆ. ರಸ್ತೆಗೂ ಅಷ್ಟೇ ಎಚ್ಚರ ಬೇಕು, ಅಲ್ವಾ?

ಮುಖ್ಯವಾಗಿ ಸೀಲ್ ಕೋಟ್ ವಿಷಯ. ಹಳ್ಳಿ ರಸ್ತೆಗೆ ಹಾಕುವ 20 ಮಿ.ಮೀ. ಜಲ್ಲಿ-ಟಾರಿನ ಪದರದಲ್ಲಿ ಸಂದು ಜಾಸ್ತಿ. ನೀರು ಸೋಸಿಕೊಂಡು ಕೆಳಗೆ ಇಳಿಯುತ್ತದೆ. ಆ ಸಂದು ಮುಚ್ಚುವುದಕ್ಕೇ ಸೀಲ್ ಕೋಟ್ ಇರುವುದು. ಪದರ ಹಾಕಿದ ಮೇಲೆ ತಡಮಾಡದೆ ಇದನ್ನು ಹಾಕಬೇಕು. ಮೇ ಕೊನೆಯಲ್ಲಿ ಏನಾಗುತ್ತದೆ ಗೊತ್ತಾ? ಬೆಳಿಗ್ಗೆ ಪದರ ಹಾಕುತ್ತಾರೆ, ಮಧ್ಯಾಹ್ನ ಗುಡುಗುತ್ತದೆ, ಸಂಜೆ ಮಳೆ. ಮಾರನೇ ದಿನ ಮೇಲೆ ಮೇಲೆ ಒಣಗಿದ್ದು ನೋಡಿ ಸೀಲ್ ಕೋಟ್ ಎಳೆಯುತ್ತಾರೆ. ಒಳಗಿನ ನೀರು ಒಳಗೇ ಉಳಿಯಿತು. ಮೇಲೆ ಲಾರಿ ಚಕ್ರ ಒತ್ತಿದಾಗಲೆಲ್ಲ ಆ ನೀರು ಜಲ್ಲಿಯ ಸಂದಿನಲ್ಲಿ ನುಗ್ಗಿ ಟಾರನ್ನು ಬಿಡಿಸುತ್ತದೆ. ಮುಚ್ಚಳ ಹಾಕಿ ನಾವೇ ರಸ್ತೆಯನ್ನು ಬೇಯಿಸಿದ ಹಾಗೆ.

ಕೆಳಪದರಕ್ಕೆ ಅಂಟಾಗಿ ಹೊಡೆಯುವ ಎಮಲ್ಷನ್ ಇನ್ನೂ ನಾಜೂಕು. ಅದು ಟಾರನ್ನು ಸಣ್ಣ ಸಣ್ಣ ಹನಿಯಾಗಿ ನೀರಿನಲ್ಲಿ ಬೆರೆಸಿದ ಮಿಶ್ರಣ. ಸುರಿದಾಗ ಕಂದು ಬಣ್ಣ ಇರುತ್ತದೆ. ನೀರು ಬಿಟ್ಟುಹೋದ ಹಾಗೆ ಕಪ್ಪಾಗುತ್ತದೆ. ಕಪ್ಪಾದ ಮೇಲೇ ಮುಂದಿನ ಕೆಲಸ. ಬಿಸಿಲು, ಒಣಗಾಳಿ ಇದ್ದರೆ ಇದು ಬೇಗ ಆಗುತ್ತದೆ. ಮೋಡ, ನೆರಳು, ತೇವದ ಗಾಳಿಯಲ್ಲಿ ಕಾಯಬೇಕು. ಕಂದು ಇರುವಾಗಲೇ ಮಳೆ ಬಂದರೆ ಸರ್ಕಾರದ ದುಡ್ಡು ಚರಂಡಿ ಸೇರಿ, ಹಳ್ಳ ಸೇರಿ, ದನ ಕುಡಿಯುವ ನೀರಿಗೆ ಹೋಗುತ್ತದೆ.

ಇದು ನನ್ನ ಸ್ವಂತ ವಾದ ಅಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿಯಮಪುಸ್ತಕದಲ್ಲೇ ಇದೆ. ರಸ್ತೆ ಮೇಲೆ ನೀರು ನಿಂತಿದ್ದರೆ, ಕೆಳಪದರ ತೇವ ಇದ್ದರೆ, ಮಳೆ ಬರುತ್ತಿದ್ದರೆ, ಬರುವ ಹಾಗಿದ್ದರೆ, ಮಂಜು ಕವಿದಿದ್ದರೆ ಟಾರ್ ಕೆಲಸ ನಿಲ್ಲಿಸಬೇಕು. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿ.ಮೀ. ಮೇಲೆ ಮಳೆ ಸುರಿಯುವ ಮಲೆನಾಡು ನಮ್ಮದು. ಈ ನಿಯಮ ನಮಗಿಂತ ಜಾಸ್ತಿ ಯಾರಿಗೆ ಬೇಕು?

ಕೆಲಸ ಮೇ ತಿಂಗಳಿಗೆ ಬಂದು ನಿಲ್ಲುವುದು ಯಾಕೆ ಅಂತ ಗೊತ್ತು. ಅನುದಾನ, ಅಂದಾಜುಪಟ್ಟಿ, ಟೆಂಡರ್, ಕಾರ್ಯಾದೇಶ ಅಂತ ಒಣಹವೆಯ ತಿಂಗಳೆಲ್ಲ ಕಾಗದದಲ್ಲೇ ಕಳೆದುಹೋಗುತ್ತವೆ. ಅದನ್ನು ತಿರುಗಿಸಿ, ಸಾರ್. ಮಳೆಗಾಲದಲ್ಲಿ ಕಾಗದದ ಕೆಲಸ ಮುಗಿಸಿಬಿಡಿ. ಡಿಸೆಂಬರಿನಿಂದ ಮಾರ್ಚ್ ತನಕ ರಸ್ತೆ ಕೆಲಸ ಆಗಲಿ. ಆಗಲೂ ಬೆಳಗಿನ ಇಬ್ಬನಿ ಆರುವ ತನಕ ಕಾಯಲು ಹೇಳಿ, ಮರದ ಕೆಳಗಂತೂ ಮಧ್ಯಾಹ್ನದ ಮೇಲೇ ಶುರುಮಾಡಲಿ. ಟಾರ್ ಹಿಡಿದ ಜಲ್ಲಿಯನ್ನು 40 ಡಿಗ್ರಿ ನೀರಿನಲ್ಲಿ 24 ಗಂಟೆ ಇಟ್ಟು ನೋಡುವ ಪರೀಕ್ಷೆ ಇದೆ. ಶೇ 5ಕ್ಕಿಂತ ಜಾಸ್ತಿ ಟಾರ್ ಬಿಡಬಾರದು. ಕೆಲಸಕ್ಕೆ ಮೊದಲು ನಮ್ಮ ಕ್ವಾರಿಯ ಜಲ್ಲಿಗೆ ಅದನ್ನು ಮಾಡಿಸಿ. ಅದಕ್ಕಿಂತ ಜಾಸ್ತಿ ಬಿಟ್ಟರೆ, ಟಾರ್ ಬಿಡದ ಹಾಗೆ ಹಿಡಿಸುವ ರಾಸಾಯನಿಕ ಸೇರಿಸಲು ಹೇಳಿ. ನಾವು ಕೊಳೆ ಔಷಧಿಗೆ ಅಂಟು ಸೇರಿಸುವ ಹಾಗೇ ಅದು.

ಹಾಗಂತ ಈಗ ಸುಮ್ನೆ ಕೂರುವುದು ಬೇಡ. ಈ ನಾಲ್ಕು ದಿನದಲ್ಲಿ ಚರಂಡಿ ತೆಗೆಸಿ. ಶಾಲೆಯ ಹತ್ತಿರದ ಮೋರಿಯಲ್ಲಿ ತುಂಬಿರುವ ಮಣ್ಣು ಎತ್ತಿಸಿ. ದೊಡ್ಡ ಗುಂಡಿಗಳಿಗೆ ಜಲ್ಲಿ, ಜಲ್ಲಿಪುಡಿ ಹಾಕಿ ರೋಲರ್ ಹೊಡೆಸಿ. ಮಕ್ಕಳ ವ್ಯಾನು, ಹೆರಿಗೆಗೆ ಹೋಗುವ ಆಟೋ ಈ ಮಳೆಗಾಲ ದಾಟಿದರೆ ಸಾಕು. ರಸ್ತೆ ಬದಿಯ ಮರಗಳನ್ನು ಮಾತ್ರ ಮುಟ್ಟಬೇಡಿ.

ಊರಿನವರಿಗೆ ನಾನು ಹೇಳಿ ಒಪ್ಪಿಸುತ್ತೇನೆ. ಮಳೆ ಮುಂಚೆ ಟಾರ್ ಬೇಕೇ ಬೇಕು ಅಂತ ನಿಮ್ಮ ಮೇಲೆ ಒತ್ತಡ ಹಾಕಿದ್ದು ನಾವೇ ತಾನೇ. ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾಗಲಿ. ಅಂಗಳಕ್ಕೆ ಹಾಕಿದ ಅಡಿಕೆ ಒಂದು ವಾರ ತಾಡಪಾಲು ಮುಚ್ಚದೆ ಒಣಗಿತು ಅಂದರೆ ನಿಮಗೆ ಫೋನ್ ಮಾಡುತ್ತೇನೆ. ಅವತ್ತು ಗುದ್ದಲಿ ಪೂಜೆಗೆ ಬನ್ನಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಅಡಿಕೆ ಬೆಳೆಗಾರ