ಡಬ್ಬಿ ಕಿತ್ಕೊಳ್ಳದೇ ಇದ್ದ ಅತ್ತೆಗೆ

ತೂಕ ಇಳಿಸೋಕೆ ಹೊಟ್ಟೆಯ ಆಪರೇಷನ್ ಆಗಿ ಈ ಸೋಮವಾರಕ್ಕೆ 2 ವರ್ಷ. ಎಷ್ಟು ಕೆಜಿ ಇದ್ದೆ, ಎಷ್ಟಕ್ಕೆ ಇಳಿದೆ, ಶುಗರ್ ಮಾತ್ರೆ ಯಾವಾಗ ನಿಂತವು ಅನ್ನೋದೆಲ್ಲ ನಿಮಗೆ ಗೊತ್ತು. ಗೊತ್ತಿಲ್ಲದವರಿಗೆ ನಮ್ಮ ಸ್ಟಾಫ್ ರೂಮಿನವರು ಹೇಳಿಯೇ ಇರ್ತಾರೆ. ಹಾಗಾಗಿ ಅದನ್ನು ಬಿಡ್ತೀನಿ. ಥ್ಯಾಂಕ್ಸ್ ಹೇಳೋದು ಬಾಕಿ ಇದೆ, ಅದಕ್ಕೆ ಕೂತಿದ್ದೀನಿ.

ಪ್ರತಿ ಚೆಕಪ್‌ಗೂ ದಾವಣಗೆರೆಯಿಂದ ಬೆಂಗಳೂರಿಗೆ 260 ಕಿಲೋಮೀಟರ್ ಕಾರು ಓಡಿಸಿದ ತಮ್ಮನಿಗೆ, ಮೊದಲ 2 ವಾರ ಬೇಳೆಕಟ್ಟನ್ನೂ ಮಜ್ಜಿಗೆಯನ್ನೂ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದು ಕೊಟ್ಟ ಮಗಳಿಗೆ, ಊಟದ ನಡುವೆ ನೀರಿನ ಬಾಟಲಿಗೆ ಕೈ ಹಾಕಿದ ಕೂಡಲೇ "ಮಿಸ್, ಅರ್ಧ ಗಂಟೆ!" ಅಂತ ಕೂಗಿದ ಸಹೋದ್ಯೋಗಿಗಳಿಗೆ, ಸರ್ಜನ್ ಅವರಿಗೆ, ಡಯಟೀಷಿಯನ್‌ಗೆ, ರಾತ್ರಿ ಪಾಳಿಯ ನರ್ಸ್‌ಗಳಿಗೆ, ನನ್ನ ಗಂಡನಿಗೆ ಥ್ಯಾಂಕ್ಸ್. ಗಂಡನಿಗೆ ಇಷ್ಟೇನಾ ಅಂತ ಕೇಳಬೇಡಿ, ಮುಂದೆ ಅವರ ಅಮ್ಮನ ವಿಷಯ ಬರೋದಿದೆ.

ಆಪರೇಷನ್‌ಗೆ ಮುಂಚೆ ಮಾತಾಡಿಸಿದ ಕೌನ್ಸೆಲರ್ ಮೇಡಂ ಹತ್ತಿರ ಮೊದಲು ಕ್ಷಮೆ ಕೇಳಬೇಕು. "ಬೇಜಾರಾದಾಗ ತಿಂತೀರಾ?" ಅಂತ ಅವರು ಮೂರು ಥರ ಕೇಳಿದರು. ಮೂರು ಸಲವೂ ಇಲ್ಲ ಅಂದೆ. ಹೂಂ ಅಂದರೆ ಆಪರೇಷನ್ನೇ ಬೇಡ ಅಂದುಬಿಟ್ಟಾರು ಅನ್ನೋ ಭಯ. ಸ್ಕೂಲಿಂದ ಬರೋ ದಾರಿಯಲ್ಲಿ ಸ್ಕೂಟಿ ಮರೆಗೆ ನಿಲ್ಲಿಸಿ 6 ಮಿರ್ಚಿ ತಿಂದು, ಎಣ್ಣೆ ಕೈಯನ್ನು ಹಳೇ ಪ್ರಶ್ನೆಪತ್ರಿಕೆಗೆ ಒರೆಸಿ, ಮನೆಗೆ ಬಂದು "ಯಾಕೋ ಹಸಿವಿಲ್ಲ" ಅನ್ನುತ್ತಿದ್ದವಳು ನಾನು. ಹೆಡ್‌ಮಿಸ್ ಬೈದ ದಿನ ಮಿರ್ಚಿ, ಹೊಗಳಿದ ದಿನವೂ ಮಿರ್ಚಿ.

ಆಪರೇಷನ್ ಬೇಡ ಅಂದವರು ಮನೆಯಲ್ಲಿ ಅತ್ತೆ ಒಬ್ಬರೇ. "ಹೊಟ್ಟೆ ಕೊಯ್ಸಿಕೊಂಡ್ರೆ ಬಾಯಿ ಸುಮ್ನಿರ್ತೈತೇನವ್ವಾ?" ಅಂದಿದ್ದರು. ಹೊಟ್ಟೆಯಲ್ಲಿ ಜಾಗ ಉಳಿಯದಿದ್ದರೂ ಆ ಮಾತನ್ನು ಮಾತ್ರ 9 ತಿಂಗಳು ಅಲ್ಲೇ ಇಟ್ಟುಕೊಂಡಿದ್ದೆ. ನನಗಾದ ಸ್ಲೀವ್ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಭಾಗ ತೆಗೀತಾರೆ. ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗೋ ಜಾಗವೂ ಅದರ ಜೊತೆಗೇ ಹೋಗುತ್ತೆ. ಮೊದಲ ಆರು ತಿಂಗಳು ಹಸಿವು ಅನ್ನೋದೇ ಮರೆತುಹೋಗಿತ್ತು, 4 ಚಮಚ ಗಂಜಿಗೇ ಸಾಕಾಗುತ್ತಿತ್ತು. ಅತ್ತೆಯ ಮಾತು ಸುಳ್ಳಾಯ್ತು ಅಂತ ಒಳಗೊಳಗೇ ಖುಷಿಪಟ್ಟೆ. ನಾನು ಹಸಿವಾಗಿ ತಿಂದವಳೇ ಅಲ್ಲ ಅನ್ನೋದು ಆಗ ನೆನಪಾಗಲಿಲ್ಲ.

ಒಂಬತ್ತನೇ ತಿಂಗಳಲ್ಲಿ ಒಂದು ಮದುವೆ. ಹಳೇ ನೆಂಟರೊಬ್ಬರು ಕೆನ್ನೆ ಹಿಡಿದು "ಈಗ ನೋಡೋ ಹಂಗಾದೆ ನೋಡು" ಅಂದರು. ಪ್ರೀತಿಯಿಂದಲೇ ಅಂದದ್ದು. ನಾನೂ ನಕ್ಕೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಖಾರ ಮಂಡಕ್ಕಿ ಡಬ್ಬಿ ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತೆ. ಚಪಾತಿ ಆಗಿದ್ದರೆ ಅರ್ಧಕ್ಕೇ ಎದೆ ಹಿಡಿಯುತ್ತಿತ್ತು. ಮಂಡಕ್ಕಿ ಹಾಗಲ್ಲ, ಬಾಯಲ್ಲೇ ಕರಗಿ ಇಳಿದುಬಿಡುತ್ತೆ, ಆ ಚೂರು ಹೊಟ್ಟೆಗೂ ತುಂಬಿದ್ದು ಗೊತ್ತಾಗೋಲ್ಲ. ಡಯಟೀಷಿಯನ್ ಕೊಟ್ಟ ಎಚ್ಚರಿಕೆಯ ಪಟ್ಟಿಯಲ್ಲಿ ಚಿಪ್ಸ್ ಇತ್ತು, ಬಿಸ್ಕೆಟ್ ಇತ್ತು. ದಾವಣಗೆರೆಯವಳಿಗೆ ಮಂಡಕ್ಕಿ ಅಂತ ಬೇರೆ ಹೇಳಬೇಕಿತ್ತಾ? ಒಂದು ಹಿಡಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹಿಡಿ, ಹೀಗೇ ಹತ್ತೂವರೆಯಿಂದ ಒಂದೂವರೆವರೆಗೆ.

ಸಿಟ್ಟು ಬಂದಿತ್ತು. ಹಾಗಾದರೆ ಮೊದಲು ನೋಡೋ ಹಾಗಿರಲಿಲ್ಲವಾ? 38 ವರ್ಷ ಬದುಕಿದ ಆ ಹೆಂಗಸು, ಮಗಳನ್ನು ಹೆತ್ತವಳು, ಅಷ್ಟೊಂದು ಮಕ್ಕಳಿಗೆ ಮಗ್ಗಿ ಕಲಿಸಿದವಳು, ಅವಳೀಗ ಎಲ್ಲಿಗೆ ಹೋಗಬೇಕು? ಎಲ್ಲರೂ ಅವಳು ಹೋದದ್ದಕ್ಕೆ ಖುಷಿಪಡುತ್ತಿದ್ದರು. ನಾನು ಅವಳಿಗೇ ತಿನ್ನಿಸ್ತಾ ಕೂತಿದ್ದೆ ಅನ್ನಿಸುತ್ತೆ.

ನೀರು ಕುಡಿಯೋಕೆ ಎದ್ದ ಅತ್ತೆ ಲೈಟ್ ಹಾಕಿದರು. ಡಬ್ಬಿ ಕಿತ್ಕೊಳ್ತಾರೆ, ಮಗನನ್ನು ಎಬ್ಬಿಸ್ತಾರೆ ಅಂದ್ಕೊಂಡೆ. ಅವರು ಲೈಟ್ ಆರಿಸಿದರು. ಮಂಡಿ ನೋವಿನವರು, ಕಟ್ಟೆ ಹಿಡಿದುಕೊಂಡು ನಿಧಾನಕ್ಕೆ ನನ್ನ ಪಕ್ಕ ನೆಲಕ್ಕೆ ಕೂತರು.

"ಹಸಿವಾಗೈತೇನವ್ವಾ?"

"ಇಲ್ಲ ಅತ್ತೆ."

"ಮತ್ತೇನಾಗೈತೆ?"

ಕೌನ್ಸೆಲರ್ ಮೇಡಂ ಕೇಳಿದ್ದೂ ಇದನ್ನೇ ಇರಬೇಕು. ಆದರೆ ಅಲ್ಲಿ ನಡುವೆ ಮೇಜಿತ್ತು, ಫೈಲಿತ್ತು. ಇಲ್ಲಿ ಕತ್ತಲಿತ್ತು. ಮಿರ್ಚಿಯಿಂದ ಹಿಡಿದು ಮದುವೆಮನೆವರೆಗೆ ಎಲ್ಲ ಹೇಳಿದೆ. ಮೂರು ಗಂಟೆಗೆ ವಾಂತಿ ಶುರುವಾದಾಗ ಬೆನ್ನು ನೀವಿದರು, ಬಚ್ಚಲು ತಾವೇ ತೊಳೆದರು. ಆಮೇಲೆ, ನಾನೇನೂ ಕೇಳದೆಯೇ, "ನಿಮ್ಮ ಮಾವ ಹೋದ ವರ್ಷ ದಿನಾ ರಾತ್ರಿ ಒಂದು ಹೆಂಟೆ ಬೆಲ್ಲ ಬಾಯಾಗೆ ಇಟ್ಕಂಡು ಮಲಗ್ತಿದ್ದೆ. ಅಳು ಬಂದ್ರೆ ಸದ್ದು ಹೊರಗೆ ಬರಬಾರದಲ್ಲ" ಅಂದರು. ನಾವಿಬ್ಬರೂ ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದೀವಿ, ನನಗೆ ಇದು ಗೊತ್ತಿರಲಿಲ್ಲ. "ನಾನು ಅವತ್ತೇ ಹೇಳಿದ್ದೆ" ಅಂತ ಮಾತ್ರ ಆ ರಾತ್ರಿಯೂ ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ.

ಬೆಳಿಗ್ಗೆ ಎದುರಿಗೆ ಕೂರಿಸಿಕೊಂಡು ಕೌನ್ಸೆಲರ್‌ಗೆ ಫೋನ್ ಮಾಡಿಸಿದರು. ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡೆ. ಮೇಡಂ ಬೈಯಲಿಲ್ಲ, ಒಂದು ನೋಟ್‌ಬುಕ್ ಇಡಿ ಅಂದರು. ಏನು ತಿಂದೆ ಅನ್ನೋದರ ಜೊತೆಗೆ, ತಿನ್ನೋಕೆ ಸ್ವಲ್ಪ ಮುಂಚೆ ಏನಾಗಿತ್ತು ಅಂತಲೂ ಬರೀಬೇಕು. ಮೊದಲ ಪುಟದಲ್ಲಿ ಹೀಗಿದೆ: "4.40, ಪೋಷಕರ ಸಭೆ. 5.10, ಬಿಸ್ಕೆಟ್ 6." ಈಗ ಮೂರನೇ ನೋಟ್‌ಬುಕ್ ನಡೀತಿದೆ. ರಾತ್ರಿ ಅತ್ತೆಗೆ ಓದಿ ಹೇಳೋದು ರೂಢಿಯಾಗಿದೆ. ಕೆಲವು ದಿನ "ಇದಕ್ಕಾದ್ರೆ ನಾನೂ ತಿಂತಿದ್ದೆ ಬಿಡು" ಅಂತಾರೆ.

ಎಲ್ಲ ಸರಿಹೋಯ್ತು ಅಂತ ಬರೆಯೋಲ್ಲ. ಹಸಿವು ವಾಪಸ್ ಬಂದಿದೆ, 4 ಕೆಜಿಯೂ ಬಂದಿದೆ. ಕಳೆದ ತಿಂಗಳು ಎರಡು ರಾತ್ರಿ ಮತ್ತೆ ಅದೇ ನೆಲ, ಅದೇ ಡಬ್ಬಿ. ಎರಡನೇ ರಾತ್ರಿ ನಾನೇ ಹೋಗಿ ಅತ್ತೆಯನ್ನು ಎಬ್ಬಿಸಿದೆ.

ಇದನ್ನು ನಿಮ್ಮೆಲ್ಲರಿಗೂ ಕಳಿಸೋ ಮುಂಚೆ ಅವರಿಗೆ ಓದಿ ಹೇಳಿದೆ. ಬೆಲ್ಲದ ವಿಷಯ ಯಾಕೆ ಹಾಕಿದೆ ಅಂತ ಬೈದರು. ತೆಗೀಲಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡು. ಹೆಂಟೆ ಅಂತ ಬರೀಬ್ಯಾಡ, ಚೂರು ಅಂತ ಬರಿ" ಅಂದರು.

ಹೆಂಟೆ ಅಂತಲೇ ಬಿಟ್ಟಿದ್ದೀನಿ ಅತ್ತೆ.